ಪ್ರಾಕ್ಸಿ ಸರ್ವರಿನಲ್ಲಿ ಉಪಾಧ್ಯಕ್ಷರ ಸ್ಥಾನ

ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ಪ್ರಾಂಶುಪಾಲರು ಒಂದು ಕತೆ ಹೇಳಿದರು. ಒಬ್ಬ ವಿದ್ಯಾರ್ಥಿನಿಯ ಭವಿಷ್ಯವೇ ಮುಳುಗುವ ಹೊತ್ತಿನಲ್ಲಿ ನಾನು ಸರ್ವರ್ ಕೋಣೆಗೆ ನುಗ್ಗಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಡೀ ಕಾಲೇಜಿನ ಇಂಟರ್ನೆಟ್ಟನ್ನು ಸರಿಪಡಿಸಿ, ಅವಳಿಗೆ ಎಂ.ಸಿ.ಎ. ಸೀಟು ಕೊಡಿಸಿದೆನಂತೆ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅಂಥವನೊಬ್ಬ ನಮ್ಮ ಕಾಲೇಜಿನಲ್ಲಿ ಇದ್ದನೆಂಬುದು ನನಗೂ ಹೊಸ ಸುದ್ದಿ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಆ ಭಾಷಣವನ್ನು ನಂಬಿ ಬಂದರೆ ಕೆಟ್ಟರು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ನೆನಪನ್ನೂ ಪೂರ್ತಿ ನಂಬಬೇಡಿ. ಚಹಾದ ಹೊತ್ತಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಹೇಳಿ ಹೇಳಿ ಅದರ ಮೂಲೆಗಳೆಲ್ಲ ಸವೆದು ನುಣ್ಣಗಾಗಿವೆ. ನುಣ್ಣಗಾದ ಜಾಗ ಬಂದಾಗ ಹೇಳುತ್ತೇನೆ.

ಕಡಬದಿಂದ ಒಳಗೆ, ಗುಡ್ಡದ ಮಗ್ಗುಲಲ್ಲಿ ನಮ್ಮ ಕಾಲೇಜು. ಗುಡ್ಡದ ದೆಸೆಯಿಂದ ಮೊಬೈಲಿಗೆ ರೇಂಜ್ ಇಲ್ಲ. ಇರುವುದು ಒಂದೇ ಇಂಟರ್ನೆಟ್ ಲೈನು. ಆ ಲೈನಿಗೂ ಕಾಲೇಜಿನ ಕಂಪ್ಯೂಟರುಗಳಿಗೂ ನಡುವೆ ಕೂತಿದ್ದ ಯಂತ್ರವೇ ಪ್ರಾಕ್ಸಿ ಸರ್ವರ್. ಯಾರಿಗೆ ಏನು ಬೇಕಾದರೂ ಅದನ್ನು ಕೇಳಬೇಕು. ಅದು ಹೊರಗೆ ಹೋಗಿ ತಂದುಕೊಡುತ್ತದೆ, ಇಲ್ಲವೇ ಆಗುವುದಿಲ್ಲ ಅನ್ನುತ್ತದೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ನಿಯಮಗಳನ್ನು ಅದಕ್ಕೆ ಸಾಲು ಸಾಲಾಗಿ ಬರೆದುಕೊಡುವುದು ನನ್ನ ಕೆಲಸ. ಆ ಯಂತ್ರವನ್ನು ಕಂಡವರು ಕಾಲೇಜಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸಿಕ್ಕಿದ್ದೆಲ್ಲ ಇಂಟರ್ನೆಟ್ಟಿನ ಪುಣ್ಯ, ಸಿಗದ್ದೆಲ್ಲ ನನ್ನ ಕಿತಾಪತಿ.

ಮೊದಮೊದಲು ನಾವು ಪದಗಳನ್ನು ತಡೆಯುತ್ತಿದ್ದೆವು. ಆಡಳಿತ ಮಂಡಳಿಯ ಉಪಾಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯರು. ಶಿಸ್ತು ಅವರ ಖಾತೆ. ಕೆಟ್ಟ ಪದಗಳನ್ನು ಅವರೇ ಆಲೋಚಿಸಿ ಹೇಳುತ್ತಿದ್ದರು, ನಾನು ಸೇರಿಸುತ್ತಿದ್ದೆ. ಅವರ ಆಲೋಚನೆಯ ವ್ಯಾಪ್ತಿ ಕಂಡು ಬೆರಗಾದದ್ದುಂಟು. ಒಂದು ದಿನ ಗೇಮ್ ಎಂಬ ಪದವೂ ಅಲ್ಲಿ ಸೇರಿತು. ಮಕ್ಕಳು ಕಂಪ್ಯೂಟರಿನಲ್ಲಿ ಆಡುತ್ತಾರೆಂದು. ಕೆಲವು ದಿನಗಳ ಮೇಲೆ ಪಿ.ಟಿ. ಮಾಸ್ಟ್ರು ಕಬಡ್ಡಿ ತಂಡವನ್ನು ಕಟ್ಟಿಕೊಂಡು ಪುತ್ತೂರಿಗೆ ಹೋದರು, ಅದೇ ಮಧ್ಯಾಹ್ನ ವಾಪಸು ಬಂದು ನನ್ನ ಕೋಣೆಗೆ ನುಗ್ಗಿದರು.

"ಎಂತ ಮಾರಾಯ್ರೆ, ಅಲ್ಲಿ ಹೋಗಿ ನೋಡಿದ್ರೆ ಅಂಕಣದಲ್ಲಿ ದನ ಮಲಗಿದೆ. ಟೂರ್ನಮೆಂಟು ನಿನ್ನೆಯೇ ಮುಗಿದಿದೆಯಂತೆ. ದಿನ ಬದಲಾದದ್ದು ಯುನಿವರ್ಸಿಟಿಯ ಗೇಮ್ಸ್ ಪುಟದಲ್ಲಿ ಹಾಕಿದ್ರಂತೆ. ಆ ಪುಟ ಇಲ್ಲಿ ಓಪನೇ ಆಗುದಿಲ್ಲ!"

"ಉಪಾಧ್ಯಕ್ಷರ ಹತ್ರ ಹೇಳಿ ಮಾಸ್ಟ್ರೆ."

"ಹೇಳಿದೆ. ಆಟ ಆಡುದು ಮೈದಾನದಲ್ಲಿ, ಕಂಪ್ಯೂಟರಲ್ಲಿ ಅಲ್ಲ ಅಂದ್ರು."

ಈ ಮಾತಿಗೆ ನಾವಿಬ್ಬರೂ ನಕ್ಕೆವೆಂದು ಹೇಳುತ್ತ ಬಂದಿದ್ದೇನೆ. ಅವರು ನಕ್ಕಿರಲಿಕ್ಕಿಲ್ಲ. ತಂಡದ ಹುಡುಗರು ಹೊರಗೆ ಬಿಸಿಲಿನಲ್ಲಿ ನಿಂತಿದ್ದರು.

ಆಮೇಲೆ ರಬ್ಬರು. ಬೆಳಗ್ಗೆ ಕಾಲೇಜಿಗೆ ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಆ ದಿನದ ರಬ್ಬರ್ ದರ. ಉಪನ್ಯಾಸಕರ ಪೈಕಿ ತೋಟದಲ್ಲಿ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಮುಗಿಸಿಯೇ ಪಾಠಕ್ಕೆ ಬರುವವರೂ ಇದ್ದರು. ಅವರ ಪಾಠಕ್ಕಿಂತ ಅವರ ರಬ್ಬರ್ ಶೀಟಿನ ಗುಣಮಟ್ಟ ಮೇಲು ಎಂದು ವಿದ್ಯಾರ್ಥಿಗಳ ಅಭಿಪ್ರಾಯ. ಮಂಡಳಿಯ ಅಧ್ಯಕ್ಷರಿಗೆ ಇದು ಸರಿ ಕಾಣಲಿಲ್ಲ. ಕೆಲಸದ ಹೊತ್ತಿನಲ್ಲಿ ಎಂತ ರೇಟು, ಬಂದ್ ಮಾಡಿ ಅಂದರು. ಮಾಡಿದೆ. ಮರುದಿನ ಬೆಳಗ್ಗೆ ಅವರದ್ದೇ ಫೋನು.

"ಎಂತ, ಇವತ್ತು ರೇಟು ತೋರಿಸುದಿಲ್ವಲ್ಲ?"

"ನೀವೇ ಬಂದ್ ಮಾಡ್ಲಿಕ್ಕೆ ಹೇಳಿದ್ದು ಸರ್."

"ನಾನು ಹೇಳಿದ್ದು ಅವ್ರಿಗೆ. ನನಗೆ ನಾನೇ ಹೇಳ್ತೇನಾ?"

ಹೀಗೆ ಹುಟ್ಟಿತು ಮೊದಲನೆಯ ನಿಯಮ: ಅಧ್ಯಕ್ಷರ ಕೋಣೆಯ ಕಂಪ್ಯೂಟರಿಗೆ ಎಲ್ಲವೂ, ಯಾವ ತಡೆಯೂ ಇಲ್ಲದೆ. ಕಾಲೇಜಿನ ತತ್ವಶಾಸ್ತ್ರವನ್ನು ಇಷ್ಟು ಚಿಕ್ಕದಾಗಿ ಬೇರೆ ಯಾರೂ ಬರೆದಿಲ್ಲ.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಲೇಬೇಕು. ಪ್ರಾಕ್ಸಿ ಈ ನಿಯಮಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ. ನಿಮಗೆ ಹೊಂದುವ ಮೊದಲ ಸಾಲು ಸಿಕ್ಕಿತೋ, ಅಲ್ಲಿಗೆ ನಿಲ್ಲಿಸುತ್ತದೆ. ಕೆಳಗೆ ಏನು ಬರೆದಿದ್ದರೂ ನೋಡುವುದಿಲ್ಲ. ಯಾವುದನ್ನು ಮೇಲಿಡಬೇಕು, ಯಾವುದನ್ನು ಕೆಳಗೆ ಎಂಬುದೇ ಈ ಕೆಲಸದ ಅರ್ಧ ವಿದ್ಯೆ. ನಮ್ಮ ಕಡೆಯವರಿಗೂ ಮೇಲೆ ಕೆಳಗಿನ ವಿದ್ಯೆ ಚೆನ್ನಾಗಿ ಗೊತ್ತು. ಆದರೆ ಅವರು ಅದನ್ನು ಕಲಿತದ್ದು ಆಮಂತ್ರಣ ಪತ್ರಿಕೆಗಳಿಂದ. ಹೆಸರು ಒಂದು ಸಾಲು ಕೆಳಗೆ ಹೋಯಿತೆಂದು ಸಮಾರಂಭಕ್ಕೇ ಬಾರದವರು, ಬಂದು ಊಟ ಮಾಡದೆ ಹೋದವರು, ಮುಂದಿನ ವರ್ಷ ಬೇರೆಯೇ ಸಂಘ ಕಟ್ಟಿದವರು ಸುಳ್ಯದಿಂದ ಪುತ್ತೂರಿನವರೆಗೆ ಸಿಗುತ್ತಾರೆ.

ಅಧ್ಯಕ್ಷರದ್ದು ಮೊದಲನೆಯದೆಂದು ಉಪಾಧ್ಯಕ್ಷರಿಗೆ ಹೇಗೋ ಗೊತ್ತಾಯಿತು. ನನ್ನ ಕೋಣೆಗೆ ಬಂದರು. ಅದಕ್ಕೆ ಮೊದಲು ಅವರು ಅಲ್ಲಿಗೆ ಬಂದದ್ದಿಲ್ಲ.

"ನನ್ನದು ಎಲ್ಲಿ ಉಂಟು?"

"ಕೆಳಗೆ ಉಂಟು ಸರ್. ಇಲ್ಲಿ."

"ನನಗಿಂತ ಮೇಲೆ ಯಾರೆಲ್ಲ?"

"ಇದು ಅಧ್ಯಕ್ಷರು. ಇದು ಆಫೀಸಿನ ಪ್ರಿಂಟರ್. ಇದು ಹಾಸ್ಟೆಲಿನ ಹಾಜರಿ ಮೆಷಿನ್."

"ಪ್ರಿಂಟರಿನ ಕೆಳಗೆ ನಾನಾ?"

ಮುಂದಿನ ಮಂಡಳಿ ಸಭೆಯಲ್ಲಿ ಎರಡು ನಿರ್ಣಯಗಳಾದವು. ಒಂದು, ನಿಯಮಗಳು ಸ್ಥಾನಮಾನಕ್ಕೆ ಅನುಗುಣವಾಗಿರತಕ್ಕದ್ದು: ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಆಮೇಲೆ ಯಂತ್ರಗಳು. ಎರಡು, ಇದನ್ನು ಯಾರೂ ಗುಟ್ಟಾಗಿ ಬದಲಿಸದಂತೆ ಸರ್ವರಿನ ಪಾಸ್‌ವರ್ಡಿಗೆ ಬ್ಯಾಂಕ್ ಲಾಕರಿನಂತೆ ಎರಡು ಕೀಲಿ. ಮೊದಲರ್ಧ ನನ್ನ ಹತ್ತಿರ, ಉಳಿದರ್ಧ ಉಪಾಧ್ಯಕ್ಷರ ಹತ್ತಿರ. ಅಂದಿನಿಂದ ಒಂದು ಸಾಲು ತಿದ್ದಬೇಕಾದರೂ ಅವರು ಬಂದು, ಮೊಣಕೈಯಿಂದ ಕೀಬೋರ್ಡನ್ನು ಮರೆಮಾಡಿ, ಒಂದೇ ಬೆರಳಿನಲ್ಲಿ ತಮ್ಮ ಅರ್ಧವನ್ನು ಕುಟ್ಟಬೇಕಾಗುತ್ತಿತ್ತು. ಬೇರೆ ಊರಿನ ಈ ಕೆಲಸದವರಿಗೆ ಹೇಳಿದರೆ ನಂಬುವುದಿಲ್ಲ. ನೀವೂ ನಂಬಬೇಕೆಂದಿಲ್ಲ.

ಕಾಲ ಬದಲಾಯಿತು. ಪದಗಳನ್ನು ತಡೆಯುವ ಪದ್ಧತಿ ಹೋಯಿತು, ಲಾಗಿನ್ ಪದ್ಧತಿ ಬಂತು. ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಪಾಸ್‌ವರ್ಡು. ಲಾಗಿನ್ ಆಗದೆ ಯಾರು ಹೊರಗೆ ಎಲ್ಲಿಗೆ ಹೋಗಲು ನೋಡಿದರೂ ಪ್ರಾಕ್ಸಿ ಅವರನ್ನು ಹಿಡಿದು ಲಾಗಿನ್ ಪುಟಕ್ಕೆ ತಿರುಗಿಸುತ್ತದೆ. ಸರಳವಾದ ಪುಟ ಸಾಕೆಂದು ನಾನು ಹೇಳಿದೆ. ಮಂಡಳಿಯ ಸದಸ್ಯರೆಲ್ಲರ ಫೋಟೋ ಬೇಕೆಂದು ಅವರು ಹೇಳಿದರು. ಹಾಕಿದೆ. ಒಬ್ಬೊಬ್ಬರ ಮುಖ ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ಇಳಿದುಬರುತ್ತಿತ್ತು. ಹೆಸರು ಬರೆಯುವ ಜಾಗ ಬರುತ್ತಿದ್ದದ್ದು ಖಜಾಂಚಿಗಳ ಮೀಸೆಯ ಆಚೆ. ಲಾಗಿನ್ ಆದವರು ತಾವು ಹೊರಟಲ್ಲಿಗೆ ಹೋಗುವ ಮೊದಲು ಅಧ್ಯಕ್ಷರ ಸಂದೇಶ ಎಂಬ ಇನ್ನೊಂದು ಪುಟಕ್ಕೆ ಹೋಗಿ ಬರಬೇಕು. ನಾನು ಮಾಡಿದ ಕೆಲಸಗಳಲ್ಲಿ ತಪ್ಪದೆ ನಡೆದದ್ದು ಇದೊಂದೇ. ಅಧ್ಯಕ್ಷರು ಮಾತ್ರ ತಮ್ಮ ಸಂದೇಶವನ್ನು ಓದಿರಲಿಲ್ಲ. ಮೊದಲನೆಯ ನಿಯಮದಿಂದಾಗಿ ಅವರಿಗೆ ಲಾಗಿನ್ ಇರಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ.

ಬೆಳಗ್ಗೆ ಉಪಾಧ್ಯಕ್ಷರು ಹೊಸ ನಿಯಮದೊಂದಿಗೆ ಬಂದರು. ಅದುವರೆಗೆ ಕಾಲೇಜಿನದೇ ಪುಟಗಳು ಲಾಗಿನ್ ಇಲ್ಲದೆಯೂ ತೆರೆಯುತ್ತಿದ್ದವು; ಇನ್ನು ಲಾಗಿನ್ ಆಗದವರಿಗೆ ಏನೇನೂ ಸಿಗಬಾರದು, ಎಲ್ಲವನ್ನೂ ಲಾಗಿನ್ ಪುಟಕ್ಕೆ ತಿರುಗಿಸಬೇಕು. ಅವರ ನಿಯಮವಾದ್ದರಿಂದ ಎರಡನೆಯ ಸ್ಥಾನದಲ್ಲಿ ಇಡಬೇಕು.

"ಹಾಗಾದ್ರೆ ಅದರ ಮೇಲೆ ಇನ್ನೊಂದು ಸಾಲು ಬೇಕು ಸರ್," ಅಂದೆ. "ಲಾಗಿನ್ ಪುಟ ಎಲ್ಲರಿಗೂ ತೆರೆದಿರ್ಬೇಕು ಅಂತ."

"ಯಾವುದರ ಮೇಲೆ?"

"ನಿಮ್ಮ ಸಾಲಿನ ಮೇಲೆ."

"ಒಂದು ಪುಟ ನನ್ನ ಮೇಲೆ ಕೂತ್ಕೊಳ್ಳುದಾ? ಕೆಳಗೆ ಎಲ್ಲಿಯಾದ್ರೂ ಹಾಕಿ."

ಕೆಳಗೆ ಹಾಕಿದೆ. ಅವರು ಮೊಣಕೈ ಅಡ್ಡಹಿಡಿದು ಕುಟ್ಟಿದರು. ಆಮೇಲೆ ಅಧ್ಯಕ್ಷರ ಕಾರಿನಲ್ಲಿ ಇಬ್ಬರೂ ಸುಳ್ಯದ ಒಂದು ಸಮಾರಂಭಕ್ಕೆ ಹೊರಟುಹೋದರು. ಅಲ್ಲಿಯೂ ಅಧ್ಯಕ್ಷತೆ ನಮ್ಮ ಅಧ್ಯಕ್ಷರದ್ದೇ. ಉಪಾಧ್ಯಕ್ಷರು ಮುಖ್ಯ ಅತಿಥಿಗಳಲ್ಲೊಬ್ಬರು.

ಏನಾಗುತ್ತದೆಂದು ನಿಮಗೆ ಈಗಾಗಲೇ ಹೊಳೆದಿರಬೇಕು. ಲಾಗಿನ್ ಆಗಿಲ್ಲವೇ? ಲಾಗಿನ್ ಪುಟಕ್ಕೆ ಹೋಗಿ. ಲಾಗಿನ್ ಪುಟ ನೋಡಬೇಕೇ? ಲಾಗಿನ್ ಆಗಿರಬೇಕು. ಆಗಿಲ್ಲವೇ? ಲಾಗಿನ್ ಪುಟಕ್ಕೆ ಹೋಗಿ. ಹೀಗೆ ತಿರುಗಿ ತಿರುಗಿ ಕೊನೆಗೆ ಬ್ರೌಸರೇ ಸುಸ್ತಾಗಿ ಕೈಚೆಲ್ಲುತ್ತದೆ. ಬೆಳಗ್ಗೆ ಯಾರಿಗೂ ಇದು ಗೊತ್ತಾಗಲಿಲ್ಲ, ಯಾಕೆಂದರೆ ಎಲ್ಲರೂ ಅದಕ್ಕೆ ಮೊದಲೇ ಲಾಗಿನ್ ಆಗಿದ್ದರು. ಮೊದಲೇ ಒಳಗಿದ್ದವರಿಗೆ ಬಾಗಿಲು ಮುಚ್ಚಿದ ಸದ್ದು ಕೇಳಿಸುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟ ಕಂಪ್ಯೂಟರನ್ನು ಪ್ರಾಕ್ಸಿ ತಾನೇ ಹೊರಹಾಕುತ್ತದೆ. ಊಟಕ್ಕೆ ಹೋಗಿ ಬಂದವರೆಲ್ಲ ಹೊರಗಾಗಿದ್ದರು.

ಆ ಗಲಾಟೆಯ ನಡುವೆ ದೀಕ್ಷಿತಾ ಬಂದಳು. ಡಿಗ್ರಿಯ ಕೊನೆಯ ವರ್ಷ ಮುಗಿಸಿದ್ದವಳು, ಊರು ಕಲ್ಲುಗುಂಡಿ, ಇಲ್ಲಿಯ ಹಾಸ್ಟೆಲಿನಲ್ಲಿದ್ದಳು. ಎಂ.ಸಿ.ಎ. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ್‍ಯಾಂಕ್ ಬಂದಿತ್ತು. ಯಾವ ಯಾವ ಕಾಲೇಜು ಬೇಕೆಂದು ಆರಿಸಿ ತುಂಬುವ ಆಪ್ಷನ್ ಎಂಟ್ರಿಗೆ ಅಂದೇ ಕೊನೆ, ಸಂಜೆಗೆ ಪುಟ ಮುಚ್ಚುತ್ತದೆ. ಅವಳ ದಾಖಲೆಯಲ್ಲಿದ್ದ ಏನೋ ತೊಡಕು ಬಗೆಹರಿದದ್ದು ಹಿಂದಿನ ದಿನವಷ್ಟೇ. ತುಂಬದಿದ್ದರೆ ರ್‍ಯಾಂಕು ನೀರಿಗೆ ಹೋದಂತೆ. ಇನ್ನೊಂದು ವರ್ಷ ಕಾಯಬೇಕು.

"ಸರ್, ಲಾಗಿನ್ ಪುಟವೇ ಬರುದಿಲ್ಲ."

"ಗೊತ್ತುಂಟು."

"ಸರಿ ಆಗ್ತದಾ?"

"ಉಪಾಧ್ಯಕ್ಷರು ಸುಳ್ಯದಲ್ಲಿದ್ದಾರೆ."

ಅವಳಿಗೆ ಇವೆರಡಕ್ಕೂ ಸಂಬಂಧ ಕಾಣಲಿಲ್ಲ. ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಕಿಟಕಿಯಾಚೆ ನೋಡಿದಳು. ಗೇಟಿನ ಹತ್ತಿರ ಕಡಬದ ಜೀಪು ನಿಂತಿತ್ತು. ತುಂಬಿದ ಮೇಲೆ ಹೊರಡುತ್ತದೆ, ಆಮೇಲೆ ಇನ್ನೊಂದು ಯಾವಾಗಲೋ. ಕಡಬದಲ್ಲಿ ಸೈಬರ್ ಉಂಟು; ಅಲ್ಲಿ ಕರೆಂಟ್ ಉಂಟೋ ಇಲ್ಲವೋ ಹೇಳುವವರು ಯಾರು?

"ಸರ್, ಜೀಪು ತುಂಬ್ತಾ ಉಂಟು. ನಾನು ಹೋಗುದಾ, ಕೂತ್ಕೊಳ್ಳುದಾ?"

ಇದು ನುಣ್ಣಗಾದ ಜಾಗ. ಕೂತ್ಕೊಳ್ಳಮ್ಮ, ನಾನಿದ್ದೇನೆ ಎಂದು ನಾನು ಹೇಳಿದೆ: ಹಾಗೆಂದು ಪ್ರಾಂಶುಪಾಲರ ಭಾಷಣದಲ್ಲಿದೆ, ನನ್ನ ಹೆಂಡತಿಯ ನೆನಪಿನಲ್ಲಿದೆ, ನನ್ನ ಬಾಯಿಯಲ್ಲೂ ಎಷ್ಟೋ ಸಲ ಬಂದಿದೆ. ನಿಜವಾಗಿ ನಾನು ಹೇಳಿದ್ದು "ನೋಡುವ" ಎಂದಿರಬೇಕು. ಆಡಳಿತ ಮಂಡಳಿಯ ಕೆಳಗೆ ಇಷ್ಟು ಕಾಲ ದುಡಿದವನ ಬಾಯಲ್ಲಿ ಬೇರೇನು ಬರಲು ಸಾಧ್ಯ?

ಅವಳು ಪಕ್ಕದ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿನ ಮುಂದೆ ಕೂತಳು. ನಾನು ಲ್ಯಾಂಡ್‌ಲೈನಿನಿಂದ ಅಧ್ಯಕ್ಷರ ಚಾಲಕ ಹಮೀದನಿಗೆ ಫೋನ್ ಮಾಡಿದೆ.

"ಉಪಾಧ್ಯಕ್ಷರು ಸ್ಟೇಜಲ್ಲಿ ಇದ್ದಾರೆ ಸರ್," ಅಂದ ಹಮೀದ್. "ಈಗ ಎದ್ದು ಬರುದಿಲ್ಲ. ಎದ್ರೆ ಆ ಕುರ್ಚಿಯಲ್ಲಿ ಬೇರೆಯವ್ರು ಕೂತ್ಕೊಳ್ತಾರೆ ಅಂತ ಅವ್ರಿಗೆ ಹೆದ್ರಿಕೆ."

"ಅರ್ಜೆಂಟ್ ಉಂಟು ಮಾರಾಯ."

"ಹಾಗಾದ್ರೆ ಪರದೆಯ ಹಿಂದಿಂದ ಫೋನು ಕೊಡ್ತೇನೆ. ಮೆಲ್ಲ ಮಾತಾಡಿ. ಬೈದ್ರೆ ನಿಮ್ಗೇ ಬೈಲಿ."

ಹೆಜ್ಜೆ ಸಪ್ಪಳ, ಬಟ್ಟೆ ಉಜ್ಜುವ ಸದ್ದು. ಆಮೇಲೆ ಸ್ವಾಗತ ಭಾಷಣ ಮಾಡುವವರು ಧ್ವನಿವರ್ಧಕದಲ್ಲಿ ಹೆಸರಿನ ಮೇಲೆ ಹೆಸರು ಪೇರಿಸುತ್ತಿರುವುದು ಕೇಳಿಸಿತು. ಅದರ ಅಡಿಯಲ್ಲಿ ಉಪಾಧ್ಯಕ್ಷರ ಪಿಸುದನಿ.

"ಎಂತದು?"

"ಸರ್, ನಿಮ್ಮ ನಿಯಮವನ್ನು ಕೆಳಗೆ ಇಡ್ಬೇಕಾಗ್ತದೆ."

"ಕೆಳಗೆ ಅಂದ್ರೆ ಎಲ್ಲಿ?"

"ಕೊನೆಗೆ."

 ಧ್ವನಿವರ್ಧಕದಲ್ಲಿ ಇನ್ನೊಂದು ಹೆಸರು ಹೋಯಿತು.

"ನಿಮಗೆ ರಿಟೈರ್ ಆಗ್ಲಿಕ್ಕೆ ಇನ್ನು ಎಷ್ಟು ಸಮಯ ಉಂಟು?"

ನಾನು ದಾರಿ ಬದಲಿಸಿದೆ. "ಸರ್, ಅಲ್ಲಿ ಇವತ್ತು ಕೊನೆಗೆ ಮಾತಾಡುದು ಯಾರು?"

"ಅಧ್ಯಕ್ಷರು. ಮತ್ಯಾರು?"

"ಯಾಕೆ ಕೊನೆಗೆ?"

"ಅಧ್ಯಕ್ಷೀಯ ಭಾಷಣ ಅಲ್ವಾ? ಅದಾದ ಮೇಲೆ ಮಾತಾಡುವ ಹಾಗಿಲ್ಲ."

"ಇಲ್ಲಿಯೂ ಹಾಗೇ ಸರ್. ಮೇಲಿನವ್ರೆಲ್ಲ ತಮ್ಮ ತಮ್ಮ ಸಣ್ಣ ವಿಷಯ ಹೇಳಿ ಮುಗಿಸ್ತಾರೆ. ಯಾರೂ ಇತ್ಯರ್ಥ ಮಾಡದ್ದು ಕೊನೆಯ ಸಾಲಿಗೆ ಬರ್ತದೆ. ಅದು ಹೇಳಿದ್ದೇ ಅಂತಿಮ."

ಅವರು ಯೋಚಿಸುವುದು ನನಗೆ ಕೇಳಿಸಿತೆಂದೇ ಹೇಳಬೇಕು.

"ಅಧ್ಯಕ್ಷರದ್ದು ಎಲ್ಲಿ ಉಂಟು?"

"ಮೊದಲನೇದು ಸರ್."

"ಅಂದ್ರೆ ಸ್ವಾಗತ ಭಾಷಣದ ಜಾಗ."

"ಹಾಗೆ ತಿಳ್ಕೊಳ್ಳಬಹುದು."

"ಕೊನೆಗೇ ಇಡಿ," ಅಂದರು. ಧ್ವನಿಯಲ್ಲಿ ಬೇರೆಯೇ ಗಾಂಭೀರ್ಯ ಬಂದಿತ್ತು. "ಅಧ್ಯಕ್ಷರಿಗೆ ಹೇಳ್ಲಿಕ್ಕೆ ಹೋಗ್ಬೇಡಿ."

ತಮಾಷೆಯೆಂದರೆ ನಾನು ಹೇಳಿದ್ದು ಸುಳ್ಳಲ್ಲ. ಎಲ್ಲರನ್ನೂ ತಡೆಯುವ ಸಾಲು ಕೊನೆಯಲ್ಲೇ ಇರಬೇಕೆಂದು ಈ ಕೆಲಸ ಬಲ್ಲವರೆಲ್ಲ ಹೇಳುತ್ತಾರೆ. ಸತ್ಯವನ್ನು ಸುಳ್ಳಿನ ಹಾಗೆ ಮಾರಬೇಕಾದದ್ದು ನಮ್ಮ ಕಾಲೇಜಿನ ವಿಶೇಷ. ಪಾಸ್‌ವರ್ಡಿನ ಅರ್ಧವನ್ನು ಅವರು ಒಂದೊಂದೇ ಅಕ್ಷರವಾಗಿ, ಪಕ್ಕದ ಕುರ್ಚಿಯವರು ಚಪ್ಪಾಳೆ ತಟ್ಟುವಾಗಲಷ್ಟೇ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರ ಬ್ಯಾಂಕಿನ ಪಾಸ್‌ವರ್ಡೂ ಅದೇ ಎಂದು ಆಮೇಲೊಮ್ಮೆ ನನಗೆ ತಿಳಿಯಿತು.

ಸಾಲನ್ನು ಕೆಳಗಿಳಿಸಿದೆ. ಲಾಗಿನ್ ಪುಟ ಬಂತು. ಮಂಡಳಿಯ ಮುಖಗಳು ಒಂದೊಂದಾಗಿ ಇಳಿಯುವುದನ್ನು ನೋಡಿ ಆ ಒಂದು ದಿನ ನನಗೆ ಸಂತೋಷವಾಯಿತು. ಎದೆ ಉಬ್ಬಿಸಿಕೊಂಡು ಲ್ಯಾಬಿಗೆ ಹೋದೆ.

ಕುರ್ಚಿ ಖಾಲಿ.

ಕಿಟಕಿಯಿಂದ ನೋಡಿದೆ. ಗೇಟಿನ ಹತ್ತಿರ ಜೀಪೂ ಇಲ್ಲ. ನನ್ನ ರಾಜತಂತ್ರ ನಡೆಯುತ್ತಿದ್ದಾಗ ಅವಳು ಜೀಪು ಹತ್ತಿರಬೇಕು, ಈಗ ಎಲ್ಲೋ ತಿರುವಿನಲ್ಲಿ ನಾಲ್ಕು ಜನರ ಸೀಟಿನಲ್ಲಿ ಏಳನೆಯವಳಾಗಿ ಕೂತಿರಬೇಕು ಅಂದುಕೊಂಡೆ. ಕಡಬಕ್ಕೆ ತಲುಪಿದಳೆಂದೇ ಇಟ್ಟುಕೊಳ್ಳಿ, ಸೈಬರಿನಲ್ಲಿ ಸರತಿ ಇದ್ದರೆ? ಕರೆಂಟ್ ಇಲ್ಲದಿದ್ದರೆ? ಇಲ್ಲಿ ಪುಟ ತೆರೆದು ಕೂತಿದೆ, ತುಂಬುವವಳು ದಾರಿಯಲ್ಲಿದ್ದಾಳೆ. ಒಂದು ವೇಳೆ ಹಾಸ್ಟೆಲಿಗೆ ಹೋಗಿದ್ದರೆ ಎಂದು ಅಲ್ಲಿಗೆ ಫೋನ್ ಮಾಡಿಸಲು ಆಫೀಸಿನ ಕಡೆ ಓಡಿದೆ. ಓಡಿದೆ ಎಂಬುದು ಅತಿಶಯೋಕ್ತಿ. ನನಗೆ ಮಂಡಿ ನೋವಿತ್ತು.

ಅಧ್ಯಕ್ಷರ ಕೋಣೆಯ ಬಾಗಿಲಲ್ಲಿ ಆಫೀಸ್ ಸೂಪರಿಂಟೆಂಡೆಂಟ್ ಲಲಿತಕ್ಕ ನಿಂತಿದ್ದರು. ಕೈಯಲ್ಲಿ ಒರೆಸುವ ಬಟ್ಟೆ. ಅವರು ಒರೆಸುವುದನ್ನು ನಾನು ಅದಕ್ಕೆ ಮೊದಲು ಕಂಡದ್ದಿಲ್ಲ.

"ಒಳಗೆ ಬರ್ಬೇಡಿ. ಕೋಣೆ ಕ್ಲೀನ್ ಆಗ್ತಾ ಉಂಟು."

"ಯಾರು ಮಾಡುದು?"

"ಕಣ್ಣಿದ್ರೆ ನೋಡಿ. ನೋಡಿ ಆದ್ಮೇಲೆ ಮರೀರಿ."

ಬಾಗಿಲ ಸಂದಿಯಲ್ಲಿ ನೋಡಿದೆ. ಬಿಳಿ ಟವೆಲ್ ಹೊದಿಸಿದ ಆ ಎತ್ತರದ ಕುರ್ಚಿಯ ತುದಿಯಲ್ಲಿ, ಬೆನ್ನು ತಾಗಿಸದೆ, ದೀಕ್ಷಿತಾ ಕೂತಿದ್ದಳು. ಅಧ್ಯಕ್ಷರು ಇಲ್ಲದಾಗ ಆ ಕೋಣೆಗೆ ನಾವು ಯಾರೂ ಕಾಲಿಡುತ್ತಿರಲಿಲ್ಲ. ಇಡಬಾರದೆಂದು ಹೇಳಿದವರೂ ಇಲ್ಲ. ಲಾಗಿನ್ ಕೇಳದ ಏಕೈಕ ಕಂಪ್ಯೂಟರ್ ಅಲ್ಲಿದೆಯೆಂಬುದು, ಆ ನಿಯಮವನ್ನು ಕೈಯಾರೆ ಬರೆದ ನನ್ನ ತಲೆಗೇ ಬಂದಿರಲಿಲ್ಲ.

"ಆಯ್ತಾ?" ಎಂದೆ.

"ಆಗ್ಲೇ ಆಯ್ತು ಸರ್. ಈಗ ಪ್ರಿಂಟ್ ಕೊಟ್ಟಿದ್ದೇನೆ."

"ಈಗ ಲ್ಯಾಬಲ್ಲಿಯೂ ಬರ್ತದೆ. ನಾನು ಸರಿ ಮಾಡಿದೆ."

"ಹೌದಾ ಸರ್? ಒಳ್ಳೇದಾಯ್ತು," ಅಂದಳು, ಹಿರಿಯರ ಮನಸ್ಸು ನೋಯಿಸದವರ ದನಿಯಲ್ಲಿ. "ನೀವು ಫೋನಲ್ಲಿ ಅಧ್ಯಕ್ಷೀಯ ಭಾಷಣ, ಅದು ಇದು ಅಂತ ಹೇಳ್ತಾ ಇದ್ರಿ. ಇದು ಇವತ್ತಿಗೆ ಮುಗಿಯುದಲ್ಲ ಅಂತ ಕಂಡಿತು. ಇಡೀ ಕಾಲೇಜಲ್ಲಿ ಯಾರದ್ದಾದ್ರೂ ಓಪನ್ ಆಗ್ತಾ ಉಂಟಾ ಅಂತ ಲಲಿತಕ್ಕನ ಹತ್ರ ಕೇಳಿದೆ."

"ನಾನು ಅಧ್ಯಕ್ಷರದ್ದು ಅಂತ ಹೇಳಿದೆ, ಅಷ್ಟೇ," ಅಂದರು ಲಲಿತಕ್ಕ. "ಕೂತ್ಕೋ ಅಂತ ಹೇಳ್ಲಿಲ್ಲ. ಬೇಡ ಅಂತಲೂ ಹೇಳ್ಲಿಲ್ಲ."

ಇಷ್ಟೇ. ಸರ್ವರ್ ಕೋಣೆಯ ಶೂರನ ಕತೆ ಇಷ್ಟೇ.

ಆದರೆ ಪ್ರಾಕ್ಸಿ ಏನನ್ನೂ ಮರೆಯುವುದಿಲ್ಲ. ಯಾವ ಕಂಪ್ಯೂಟರು ಎಲ್ಲಿಗೆ ಹೋಯಿತೆಂಬ ವರದಿಯನ್ನು ತಿಂಗಳಿಗೊಮ್ಮೆ ಮಂಡಳಿಗೆ ಕೊಡಬೇಕಿತ್ತು. ಅದೂ ಉಪಾಧ್ಯಕ್ಷರ ಶಿಸ್ತೇ; ದಿನ, ಗಂಟೆ ಮಾತ್ರ ಅದರಲ್ಲಿ ಇರುತ್ತಿರಲಿಲ್ಲ. ಸ್ಥಾನಮಾನದ ಪ್ರಕಾರ ಅಧ್ಯಕ್ಷರದ್ದು ಮೊದಲು: ರಬ್ಬರ್ ದರ, ರಬ್ಬರ್ ದರ, ರಬ್ಬರ್ ದರ, ಎಂ.ಸಿ.ಎ. ಆಪ್ಷನ್ ಎಂಟ್ರಿ. ಉಪಾಧ್ಯಕ್ಷರು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತ ಹೋಗಿ, ಅಲ್ಲಿ ನಿಂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.  ಅಧ್ಯಕ್ಷರು ತಿಂಡಿಯ ತಟ್ಟೆಯಿಂದ ಗೋಡಂಬಿ ಆರಿಸುತ್ತಿದ್ದರು. ಸಭೆ ಮುಗಿದ ಮೇಲೆ ಉಪಾಧ್ಯಕ್ಷರು ನನ್ನನ್ನು ಕಂಬದ ಮರೆಗೆ ಕರೆದರು.

"ಈ ಪ್ರಾಯದಲ್ಲಿ ಅವ್ರಿಗೆ ಎಂ.ಸಿ.ಎ. ಎಂತದ್ದಕ್ಕೆ?"

"ಅವ್ರ ಹತ್ರವೇ ಕೇಳಬಹುದಲ್ಲ ಸರ್."

ಅವರು ಕೇಳಲಿಲ್ಲ. ಮುಂದಿನ ತಿಂಗಳು ಆ ವರದಿಯೇ ಬೇಡವೆಂದು ನಿರ್ಣಯವಾಯಿತು. ಅಧ್ಯಕ್ಷರ ಕೋಣೆಗೆ ಮಾತ್ರ ಬೀಗ ಬೀಳಲಿಲ್ಲ.

ಇನ್ನು ಹೇಳುವುದು ಎಷ್ಟು ನಿಜವೋ ನನಗೆ ಗೊತ್ತಿಲ್ಲ. ಇದನ್ನು ನಾನು ಯಾರಿಗೂ ಹೇಳಿದ್ದಿಲ್ಲ, ಹಾಗಾಗಿ ಸವೆಯಲು ಅವಕಾಶ ಸಿಕ್ಕಿರಲಿಕ್ಕಿಲ್ಲ. ಒಂದು ಮಧ್ಯಾಹ್ನ ಅಧ್ಯಕ್ಷರು ಕಾರು ಹತ್ತುವಾಗ ನಾನು ಎದುರು ಸಿಕ್ಕಿದೆ. ಹಮೀದ್ ಬಾಗಿಲು ಹಿಡಿದು ನಿಂತಿದ್ದ.

"ನಾನು ಎಂ.ಸಿ.ಎ.ಗೆ ಹಾಕಿದ್ದೇನಂತೆ?" ಅಂದರು.

ನಾನು ನೆಲ ನೋಡಿದೆ.

"ನನಗೆ ಸೀಟು ಎಲ್ಲಿ ಸಿಕ್ಕಿತು?"

"ಮೈಸೂರಲ್ಲಿ ಸರ್."

"ಹಾಸ್ಟೆಲ್ ಉಂಟಾ?"

"ಸಿಕ್ಕಿದೆಯಂತೆ."

"ಹ್ಞಾ," ಅಂದು ಅವರು ಒಳಗೆ ಕೂತು, ಪಂಚೆಯ ಅಂಚನ್ನು ಬಾಗಿಲಿಗೆ ಸಿಗದಂತೆ ಒಳಗೆಳೆದುಕೊಂಡರು. "ಊಟ ಹೇಗೆ ಉಂಟು ಅಂತ ಕೇಳಿ ಹೇಳಿ ಮಾರಾಯ್ರೆ."